ಖಾಲಿ ರಸ್ತೆ ಯಾಕೆ ಖಾಲಿ?

ಪ್ರತಿ ಸೆಮಿಸ್ಟರ್ ಶುರುವಾದಾಗ ನಮ್ಮ ಹಾಸ್ಟೆಲಿನ ಸೈಕಲ್ ಸ್ಟ್ಯಾಂಡಿಗೆ ನಾಲ್ಕೈದು ಹೊಸ ಗೇರ್ ಸೈಕಲ್ ಬಂದು ಸೇರ್ತವೆ. ಕೆಲವು ಮನೆಯಿಂದ ಬಂದವು, ಕೆಲವು ಫೈನಲ್ ಇಯರ್‌ನವರ ಹತ್ತಿರ ಸೆಕೆಂಡ್ ಹ್ಯಾಂಡ್ ಕೊಂಡವು. ಎರಡು ವಾರ ಕಳೆಯೋದರೊಳಗೆ ಅದರ ಯಜಮಾನರು ನಮ್ಮ ರೂಮಿಗೆ ಬಂದು ಕೇಳೋ ಪ್ರಶ್ನೆ ಒಂದೇ: "ಟ್ರಾಫಿಕ್ ಇಲ್ದಿರೋ ರೋಡ್ ಯಾವ್ದಿದೆ ಅಣ್ಣಾ?"

ಪ್ರಶ್ನೆ ಸರಿಯಾಗೇ ಇದೆ. ಹಾಸನದಿಂದ ಪಶ್ಚಿಮಕ್ಕೆ, ಅಂದರೆ ಬೆಟ್ಟ-ಕಾಡು ಇರೋ ದಿಕ್ಕಿಗೆ ಹೊರಟರೆ ಮೊದಲು ಸಿಗೋದು ಎನ್‌ಎಚ್ 75. ಬೆಂಗಳೂರು–ಮಂಗಳೂರು ಮಧ್ಯೆ ಓಡೋ ಬಸ್ಸು, ಲಾರಿ, ಮಂಗಳೂರು ಕಡೆಯಿಂದ ಬರೋ ಟ್ಯಾಂಕರ್, ಎಲ್ಲವೂ ಅದರ ಮೇಲೇ. ಒಂದು ಟ್ಯಾಂಕರ್ ಪಕ್ಕದಲ್ಲೇ ಹಾದುಹೋದರೆ ಗಾಳಿ ಮೊದಲು ಸೈಕಲ್ಲನ್ನ ಹೊರಗೆ ತಳ್ಳುತ್ತೆ, ಮರುಕ್ಷಣ ಒಳಗೆ ಎಳೆಯುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಆಕಳಿಕೆ ತರಿಸೋ ವಿಷಯ ಅಲ್ಲಿ ಬೆನ್ನುಹುರಿಗೆ ಅರ್ಥ ಆಗುತ್ತೆ. ಹಾಗಾಗಿ ಬೇರೆ ರಸ್ತೆ ಬೇಕು ಅನ್ನೋದು ಶೋಕಿ ಅಲ್ಲ.

ಐದಾರು ರಸ್ತೆಗಳ ಹೆಸರು ಬರೆದು, ಕಿಲೋಮೀಟರ್ ಹಾಕಿ ಈ ಲೇಖನ ಮುಗಿಸಬಹುದಿತ್ತು. ಆದರೆ ಹೆಸರು ಗೊತ್ತಾದ್ರೆ ಸಾಲದು. ರಸ್ತೆ ಖಾಲಿ ಇದೆ ಅಂದ್ರೆ ಅದಕ್ಕೊಂದು ಕಾರಣ ಇದ್ದೇ ಇರುತ್ತೆ. ಕೆಲವು ಕಾರಣಗಳು ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿರ್ತವೆ, ಕೆಲವು ಪ್ರಾಣಕ್ಕೇ ಕುತ್ತು. ಸಕಲೇಶಪುರದ ಆಚೆ ಈ ಎರಡೂ ಒಂದೇ ರಸ್ತೆಯಲ್ಲಿ, ಒಂದೇ ದಿನದ ಬೇರೆ ಬೇರೆ ಹೊತ್ತಿನಲ್ಲಿ ಸಿಗ್ತವೆ. ಆದ್ದರಿಂದ ಯಾವ ರಸ್ತೆ ಅಂತ ಕೇಳೋದಕ್ಕಿಂತ ಮುಂಚೆ, ಈ ರಸ್ತೆ ಯಾಕೆ ಖಾಲಿ ಅಂತ ಕೇಳೋದನ್ನ ಕಲೀಬೇಕು. ನಾವು ಐದು ಜನ (ಮೂರು ಮೆಕ್ಯಾನಿಕಲ್, ಒಂದು ಸಿವಿಲ್, ಒಂದು ಇ ಅಂಡ್ ಸಿ) ಒಂದೂವರೆ ವರ್ಷದಿಂದ ಆ ಕಡೆ ತಿರುಗಾಡಿ ತಿಳ್ಕೊಂಡಿದ್ದು ಇಷ್ಟು.

ದೊಡ್ಡಣ್ಣನ ನೆರಳಲ್ಲಿ

ಘಟ್ಟ ಇಳಿಯೋಕೆ ಸಕಲೇಶಪುರದಿಂದ ಎಲ್ಲರಿಗೂ ಗೊತ್ತಿರೋ ದಾರಿ ಶಿರಾಡಿ. ದೋಣಿಗಾಲ್, ಮಾರನಹಳ್ಳಿ, ಗುಂಡ್ಯ. ಅದರ ದಕ್ಷಿಣಕ್ಕೆ ಇನ್ನೊಂದು ದಾರಿ ಇದೆ: ಸಕಲೇಶಪುರದಿಂದ ಹೆತ್ತೂರು, ವನಗೂರು, ಬಿಸ್ಲೆ, ಅಲ್ಲಿಂದ ಘಟ್ಟ ಇಳಿದು ಕುಲ್ಕುಂದ, ಸುಬ್ರಹ್ಮಣ್ಯ. ಎರಡೂ ಮಲೆನಾಡಿನಿಂದ ದಕ್ಷಿಣ ಕನ್ನಡಕ್ಕೆ ಇಳಿಯೋ ರಸ್ತೆಗಳೇ. ಆದರೆ ಒಂದರಲ್ಲಿ ಲಾರಿಗಳ ಸಾಲು, ಇನ್ನೊಂದರಲ್ಲಿ ನಮ್ಮ ಚೈನ್ ಸದ್ದು ನಮಗೇ ಕೇಳಿಸುತ್ತೆ.

ಕಾರಣ ಸರಳ. ನೀರು ತಗ್ಗು ಹುಡುಕೋ ಹಾಗೆ ಟ್ರಾಫಿಕ್ ಸಮಯ ಹುಡುಕುತ್ತೆ. ಎರಡು ಊರಿನ ಮಧ್ಯೆ ಒಂದು ಅಗಲವಾದ, ಬೇಗ ತಲುಪೋ ರಸ್ತೆ ಬಂತು ಅಂದ್ರೆ ಪಕ್ಕದ ಕಿರಿದಾದ ರಸ್ತೆಯಿಂದ ದೂರ ಪ್ರಯಾಣದ ವಾಹನಗಳನ್ನೆಲ್ಲ ಅದು ಎಳ್ಕೊಳ್ಳುತ್ತೆ. ಉಳಿಯೋದು ಆ ರಸ್ತೆ ಮೇಲೇ ಮನೆ ಇರೋರು ಮಾತ್ರ: ಸ್ಕೂಲಿಗೆ ಹೋಗೋ ಮಕ್ಕಳು, ತೋಟಕ್ಕೆ ಆಳು ತರೋ ಪಿಕಪ್, ದಿನಕ್ಕೆ ಲೆಕ್ಕ ಇಟ್ಟಷ್ಟು ಬಸ್ಸು. ಹಾಗಾಗಿ ಮ್ಯಾಪ್ ತೆಗೆದಾಗ ನಾವು ಮೊದಲು ಹೈವೇಯನ್ನೇ ಹುಡುಕ್ತೀವಿ, ಆಮೇಲೆ ಅದರ ಪಕ್ಕದಲ್ಲಿ ಅದೇ ದಿಕ್ಕಿಗೆ ಸುತ್ತಿ ಬಳಸಿ ಹೋಗೋ ತಮ್ಮ ಯಾರಾದ್ರೂ ಇದ್ದಾನಾ ಅಂತ ನೋಡ್ತೀವಿ. ಸಾಮಾನ್ಯವಾಗಿ ಇರ್ತಾನೆ.

ಈ ಸೂತ್ರಕ್ಕೆ ಒಂದು ಉಲ್ಟಾ ಮುಖ ಇದೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದು ಶಿರಾಡಿ ಬಂದ್ ಆಗಿದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿರುತ್ತೆ. ಹೈವೇ ಬಂದ್ ಆದ ದಿನ ತಮ್ಮನ ನೆಮ್ಮದಿಯೂ ಬಂದ್. ಮೇಲಿನಿಂದ ಕೆಳಗೆ ಹೋಗಲೇಬೇಕಾದ ಗಾಡಿಗಳೆಲ್ಲ ಚಾರ್ಮಾಡಿ, ಬಿಸ್ಲೆ, ಸಂಪಾಜೆ ಅಂತ ಹಂಚಿಹೋಗ್ತವೆ. ಮಳೆಗಾಲದಲ್ಲಿ ಹೊರಡೋ ಮುಂಚೆ ನಾವು ಹೋಗೋ ರಸ್ತೆಯ ಸುದ್ದಿಗಿಂತ ನಾವು ಹೋಗದೇ ಇರೋ ರಸ್ತೆಯ ಸುದ್ದಿ ನೋಡೋದು ಮುಖ್ಯ.

ಮೂರೂಮುಕ್ಕಾಲು ಮೀಟರ್

ಸಿವಿಲ್ ಓದೋ ನಮ್ಮ ಗೆಳತಿ ಹೇಳೋ ಪ್ರಕಾರ ಖಾಲಿ ರಸ್ತೆಯ ನಿಜವಾದ ಕಾವಲುಗಾರ ಅದರ ಅಗಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಸಿಂಗಲ್ ಲೇನ್ ರಸ್ತೆಯ ಡಾಂಬರು 3.75 ಮೀಟರ್, ಎರಡು ಲೇನಿನದು 7 ಮೀಟರ್. ಒಂದು ಬಸ್ಸೋ ಲಾರಿಯೋ ಎರಡೂವರೆ ಮೀಟರ್ ಅಗಲ ಇರುತ್ತೆ. ಎದುರುಬದುರು ಎರಡು ಲಾರಿ ಬಂದ್ರೆ ಐದು ಮೀಟರಿಗಿಂತ ಜಾಸ್ತಿ ಬೇಕು. 3.75ರಲ್ಲಿ ಅದು ಆಗದ ಮಾತು, ಒಬ್ಬರು ಮಣ್ಣಿಗೆ ಇಳೀಲೇಬೇಕು, ಇಲ್ಲಾ ರಿವರ್ಸ್ ತಗೋಬೇಕು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಂದಕ ಇರೋ ಕಡೆ ಯಾವ ಲಾರಿ ಡ್ರೈವರ್ ಆ ತಾಪತ್ರಯಕ್ಕೆ ಬರ್ತಾನೆ? ಬೋರ್ಡ್ ಹಾಕದೇ, ಪೊಲೀಸ್ ನಿಲ್ಲಿಸದೇ, ರಸ್ತೆಯೇ ದೊಡ್ಡ ಗಾಡಿಗಳನ್ನ ವಾಪಸ್ ಕಳಿಸುತ್ತೆ.

ಆದರೆ ಅದೇ 3.75 ನಮಗೂ ಲೆಕ್ಕ. ಎದುರಿಗೆ ಬಸ್ ಬಂತು ಅಂದ್ರೆ ಉಳಿಯೋದು ಒಂದೂಕಾಲು ಮೀಟರಿಗಿಂತ ಕಮ್ಮಿ. ಹ್ಯಾಂಡಲ್ ಅಗಲ, ನಮ್ಮ ಅಲ್ಲಾಟ ಸೇರಿಸಿದ್ರೆ ಮುಕ್ಕಾಲು ಮೀಟರ್ ನಮಗೇ ಬೇಕು. ಆದ್ದರಿಂದ ನಮ್ಮ ಗುಂಪಿನಲ್ಲಿ ಒಂದು ನಿಯಮ ಇದೆ: ಬಸ್ ಕಂಡ್ರೆ ಬ್ಯಾಲೆನ್ಸ್ ಸರ್ಕಸ್ ಬೇಡ, ಇಳಿದು ಪಕ್ಕಕ್ಕೆ ನಿಲ್ಲೋದು. ಕಾಣದ ತಿರುವಿನಲ್ಲಿ ಬೆಲ್ ಹೊಡೆಯೋದು, ನಾಚಿಕೆ ಇಲ್ಲದೆ. ಇಬ್ಬರು ಜೊತೆಜೊತೆಗೆ ಮಾತಾಡ್ತಾ ಹೋಗೋದು ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಬೇಡವೇ ಬೇಡ. ಆ ಬಸ್ ಡ್ರೈವರ್‌ಗೆ ದಿನಾ ಅದೇ ರೋಡು, ಆ ತಿರುವಿನಲ್ಲಿ ಎದುರಿಗೆ ಯಾರೂ ಬರಲ್ಲ ಅಂತ ಅವರಿಗೆ ವರ್ಷಗಳ ಅನುಭವ. ಅವರ ಅನುಭವದಲ್ಲಿ ನಾವಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಹೀಗೆ ಕಿರಿದಾಗಿರೋ ರಸ್ತೆಗಳನ್ನ ಅಗಲ ಮಾಡಬಾರದು ಅಂತ ಸೈಕಲ್ ಹೊಡೆಯೋರು ಕೆಲವರು ಹೇಳ್ತಾರೆ. ಮರ ಕಡೀತಾರೆ ಅನ್ನೋ ಸಂಕಟ ನಮಗೂ ಇದೆ. ಆದರೆ ವನಗೂರಿನ ಕಡೆಯವರೊಬ್ಬರಿಗೆ ರಾತ್ರಿ ಎದೆನೋವು ಬಂದ್ರೆ ಆಂಬುಲೆನ್ಸ್ ಬರಬೇಕಾದದ್ದೂ ಅದೇ ರಸ್ತೇಲಿ. ತಿಂಗಳಿಗೊಂದು ಭಾನುವಾರ ಬಂದು ಹೋಗೋ ನಮ್ಮ ನೆಮ್ಮದಿಗೋಸ್ಕರ ಅವರ ರಸ್ತೆ ಹಾಗೇ ಇರ್ಲಿ ಅನ್ನೋದು ನಮಗ್ಯಾಕೋ ಸರಿ ಅನಿಸಲ್ಲ.

ಏರು, ಇಳಿಜಾರು, ಕುದಿಯೋ ನೀರು

ಹಾಸನವೂ ಸಕಲೇಶಪುರವೂ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿವೆ. ನಂಬರ್ ನೋಡಿ "ಓ, ಫ್ಲ್ಯಾಟ್ ರೋಡು" ಅಂದ್ಕೊಂಡ್ರೆ ಕೆಟ್ಟಿರಿ. ಮಲೆನಾಡಿನ ರಸ್ತೆ ಗುಡ್ಡ ಹತ್ತುತ್ತೆ, ಗದ್ದೆಗೆ ಇಳಿಯುತ್ತೆ, ಹಳ್ಳ ದಾಟುತ್ತೆ, ಮತ್ತೆ ಹತ್ತುತ್ತೆ. ಹೊರಟ ಎತ್ತರಕ್ಕೇ ಬಂದು ನಿಂತರೂ ದಿನದ ಕೊನೆಗೆ ಒಟ್ಟು ಏರು ಸಾವಿರ ಮೀಟರ್ ದಾಟಿರುತ್ತೆ.

ಹೋಲಿಕೆಗೆ ಪಕ್ಕದಲ್ಲೇ ಒಳ್ಳೆ ಉದಾಹರಣೆ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯೋ ರೈಲು ದಾರಿಯ ಗ್ರೇಡಿಯೆಂಟ್ 50ಕ್ಕೆ 1, ಅಂದರೆ ಶೇಕಡಾ 2. ಅಷ್ಟು ಮೆತ್ತಗೆ ಇಳಿಯೋಕೆ 57 ಸುರಂಗ, 109 ಸೇತುವೆ ಕಟ್ಟಬೇಕಾಯ್ತು. ಗುಡ್ಡಗಾಡಿನ ರಸ್ತೆಗೆ ಐಆರ್‌ಸಿ ಸಾಮಾನ್ಯವಾಗಿ ಶೇಕಡಾ 5–6 ಒಪ್ಪುತ್ತೆ, ಅನಿವಾರ್ಯ ಅಂದ್ರೆ 7–8. ಹಳ್ಳಿಯ ರಸ್ತೆ, ತೋಟದ ರಸ್ತೆಗಳು ಈ ಪುಸ್ತಕ ಓದಿಲ್ಲ. ಎತ್ತಿನ ಗಾಡಿಯ ಜಾಡಿಗೇ ಡಾಂಬರು ಹಾಕಿದ ಕಡೆ ನೂರಿನ್ನೂರು ಮೀಟರ್ ದೂರಕ್ಕೆ ಶೇಕಡಾ 12 ಕೂಡ ಸಿಗುತ್ತೆ.

ಈಗ ಸ್ವಲ್ಪ ಲೆಕ್ಕ. ಸವಾರ 65 ಕೆಜಿ, ಸೈಕಲ್, ನೀರು, ಬ್ಯಾಗು ಸೇರಿ 15, ಒಟ್ಟು 80. ಶೇಕಡಾ 6ರ ಏರಿನಲ್ಲಿ ಗಂಟೆಗೆ 10 ಕಿ.ಮೀ. ವೇಗಕ್ಕೆ ಗುರುತ್ವದ ವಿರುದ್ಧ ಮಾತ್ರವೇ ಸುಮಾರು 130 ವ್ಯಾಟ್ ಬೇಕು, ಟೈರಿನ ಘರ್ಷಣೆ ಸೇರಿ 145ರ ಹತ್ತಿರ. ಅಭ್ಯಾಸ ಇಲ್ಲದವರಿಗೂ ಸ್ವಲ್ಪ ಹೊತ್ತು ಕಷ್ಟಪಟ್ಟರೆ ಆಗುತ್ತೆ. ಆದರೆ ಗೇರ್ ಇಲ್ಲದ ಮಾಮೂಲಿ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಅಂದ್ಕೊಳ್ಳಿ. ನಿಮಿಷಕ್ಕೆ 60 ಸಲ ಪೆಡಲ್ ತಿರುಗಿಸಿದ್ರೆ ವೇಗ ಗಂಟೆಗೆ 18 ಕಿ.ಮೀ. ದಾಟುತ್ತೆ. ಆ ವೇಗದಲ್ಲಿ ಅದೇ ಏರು ಹತ್ತೋಕೆ 240 ವ್ಯಾಟಿಗೂ ಮೇಲೆ ಬೇಕು. ಅಷ್ಟು ಇಲ್ಲ ಅಂದ್ರೆ ಪೆಡಲ್ ನಿಧಾನ ಆಗುತ್ತೆ, ಮಂಡಿ ಮೇಲೆ ಬೀಳೋ ಬಲ ಜಾಸ್ತಿ ಆಗುತ್ತೆ, ಕೊನೆಗೆ ನಿಂತೇ ಹೋಗುತ್ತೆ. ಊರಿನ ಹಿರಿಯರು ಏರು ಬಂದಾಗ ಸೈಕಲ್ ಇಳಿದು ಆರಾಮಾಗಿ ತಳ್ಕೊಂಡು ಹೋಗೋದು ಶಕ್ತಿ ಇಲ್ಲದೆ ಅಲ್ಲ, ಈ ಲೆಕ್ಕ ಕಾಲಿಗೆ ಗೊತ್ತಿರೋದರಿಂದ. ನೀವೂ ತಳ್ಳಿ. ನಾವೂ ತಳ್ತೀವಿ.

ನಿಜವಾದ ಎಚ್ಚರ ಬೇಕಾಗಿರೋದು ಇಳಿಯುವಾಗ. ಬಿಸ್ಲೆಯಿಂದ ಕುಲ್ಕುಂದದವರೆಗೆ ಇಳಿತ 700 ಮೀಟರ್ ಅಂತ ಇಟ್ಕೊಳ್ಳೋಣ. 80 ಕೆಜಿಗೆ ಅದು ಸುಮಾರು 550 ಕಿಲೋಜೂಲ್. ಒಂದೂಮುಕ್ಕಾಲು ಲೀಟರ್ ನೀರನ್ನ ಕುದಿ ಬರೋ ತನಕ ಕಾಯಿಸೋಕೆ ಬೇಕಾದಷ್ಟು ಶಾಖ. ವೇಗವಾಗಿ ಹೋಗಬಹುದಾದ ನೇರ ರಸ್ತೆಯಲ್ಲಿ ಅದರ ಬಹುಭಾಗವನ್ನ ಗಾಳಿ ತಗೊಳ್ಳುತ್ತೆ. ತಿರುವು ಜಾಸ್ತಿ ಇರೋ ಘಟ್ಟದಲ್ಲಿ ನಾವು ನಿಧಾನ ಹೋಗಲೇಬೇಕು, ಆಗ ಅಷ್ಟೂ ಶಾಖ ಬ್ರೇಕಿನ ಪಾಲು. ರಿಮ್ ಬ್ರೇಕ್ ಒತ್ತಿ ಹಿಡ್ಕೊಂಡೇ ಇಳಿದ್ರೆ ರಿಮ್ ಮುಟ್ಟೋಕಾಗದಷ್ಟು ಬಿಸಿ ಆಗುತ್ತೆ. ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ಬಿಟ್ಟು ಬಿಟ್ಟು ಹಿಡಿಯೋದು ಸರಿಯಾದ ಕ್ರಮ. ಮಧ್ಯೆ ಎರಡು ಮೂರು ಸಲ ನಿಲ್ಲಿ, ಬ್ರೇಕ್ ತಣ್ಣಗಾಗ್ಲಿ, ಕಾಡೂ ನೋಡಿದ ಹಾಗಾಗುತ್ತೆ. ಮೊದಲು ಗುಂಡಿಗೆ ಹೆಸರಾಗಿದ್ದ ಈ ಘಟ್ಟಕ್ಕೆ ಆಮೇಲೆ ಕಾಂಕ್ರೀಟ್ ಬಿತ್ತು. ಬಿಸಿಲು ಬೀಳದ ತಿರುವಿನಲ್ಲಿ ಕಾಂಕ್ರೀಟ್ ಮೇಲೆ ಪಾಚಿ ಕಟ್ಟುತ್ತೆ, ಅದರ ಮೇಲೆ ಒದ್ದೆ ಎಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾವು ಘಟ್ಟ ಇಳಿಯಲ್ಲ. ಉಂಬಳಕ್ಕೆ ಹೆದರಿ ಅಲ್ಲ, ಆ ಪಾಚಿಗೆ.

ಬಿಸ್ಲೆಗೆ ಹೋಗೋ ದಾರಿಯಲ್ಲಿ ಮಂಕನಹಳ್ಳಿ ಅಂತ ಒಂದು ಕಡೆ ನೀರು ಬೇರೆಯಾಗೋ ದಿಣ್ಣೆ ಇದೆ. ಒಂದು ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ನೋಡೋಕೆ ಅಲ್ಲೇನೂ ದೊಡ್ಡ ಶಿಖರ ಇಲ್ಲ, ಮಾಮೂಲಿ ರಸ್ತೆ ಬದಿ. ಬಾಟಲಿ ನೀರನ್ನ ಎರಡೂ ಕಡೆ ಚೆಲ್ಲಿ ಫೋಟೋ ತೆಗೆಯೋ ಹುಚ್ಚು ನಮ್ಮಲ್ಲಿ ಒಬ್ಬನಿಗಿದೆ. ಕುಡಿಯೋ ನೀರು ಖಾಲಿ ಮಾಡ್ಬೇಡ ಅಂತ ಪ್ರತಿಸಲ ಬೈಸಿಕೊಳ್ತಾನೆ.

ದಾರಿ ಮುಗಿಯೋ ದಾರಿಗಳು

ಇನ್ನೊಂದು ಜಾತಿಯ ಖಾಲಿ ರಸ್ತೆ ಅಂದ್ರೆ ಎಲ್ಲಿಗೂ ಹೋಗದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಎಷ್ಟೋ ಹಳ್ಳಿಗಳನ್ನ, ಅವುಗಳ ದಾರಿಗಳನ್ನ ನುಂಗಿದೆ. ಹಾಸನದಿಂದ 20 ಕಿ.ಮೀ. ಆಸುಪಾಸಿನಲ್ಲಿರೋ ಶೆಟ್ಟಿಹಳ್ಳಿಯ ಮುಳುಗೋ ಚರ್ಚ್ ಗೊತ್ತಿಲ್ಲದವರು ನಮ್ಮ ಕ್ಯಾಂಪಸ್ಸಿನಲ್ಲಿ ಇಲ್ಲ. ಹಿನ್ನೀರಿನ ಸುತ್ತಮುತ್ತ ದೂರದ ಊರಿಗೆ ಹೋಗೋ ಗಾಡಿಗಳಿಗೆ ಕೆಲಸವೇ ಇಲ್ಲ. ಕಾಡಿಲ್ಲ, ದೊಡ್ಡ ಏರೂ ಇಲ್ಲ, ಆದರೆ ಹೊಸದಾಗಿ ಶುರು ಮಾಡೋರಿಗೆ ವಾರದ ದಿನ ಬೆಳಿಗ್ಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ. ಭಾನುವಾರ ಮಾತ್ರ ಬೇಡ, ಫೋಟೋಶೂಟ್ ಜಾತ್ರೆ ಇರುತ್ತೆ.

ಬೆಟ್ಟದ ಮೇಲಿನ ದೇವಸ್ಥಾನ, ವ್ಯೂ ಪಾಯಿಂಟುಗಳ ಕಥೆಯೂ ಅಷ್ಟೇ. ರಸ್ತೆ ಅಲ್ಲಿಗೇ ಮುಗಿಯೋದರಿಂದ ವಾರವೆಲ್ಲ ಖಾಲಿ, ಶನಿವಾರ ಮಧ್ಯಾಹ್ನದಿಂದ ಬೆಂಗಳೂರಿನ ಕಾರುಗಳು.

ಕಾಫಿ ತೋಟದೊಳಗಿನ ರಸ್ತೆಗಳ ಬಗ್ಗೆ ಒಂದು ಎಚ್ಚರಿಕೆ. ಗೂಗಲ್ ಮ್ಯಾಪಿನಲ್ಲಿ ತೋಟದ ದಾರಿಯೂ ಊರಿನ ದಾರಿಯೂ ಒಂದೇ ಥರ ತೆಳ್ಳಗಿನ ಬಿಳಿ ಗೆರೆ. ಶಾರ್ಟ್‌ಕಟ್ ಅಂತ ನುಗ್ಗಿದ್ರೆ ಲೈನ್ ಮನೆಗಳ ಮುಂದೆಯೋ, ಬೀಗ ಹಾಕಿದ ಗೇಟಿನ ಮುಂದೆಯೋ ಹೋಗಿ ನಿಲ್ತೀರಿ. ತೋಟದ ರೈಟರ್ ಹತ್ತಿರ ಒಂದು ಮಾತು ಕೇಳಿದ್ರೆ ಬಹಳ ಸಲ ಬಿಡ್ತಾರೆ. ಕೊಯ್ಲಿನ ಕಾಲದಲ್ಲಿ, ಅಂದರೆ ನವೆಂಬರ್‌ನಿಂದ ಫೆಬ್ರವರಿ ತನಕ, ಕಾಫಿ ಕಳ್ಳತನದ ಭಯ ಇರೋದರಿಂದ ಬಿಡದೇನೂ ಇರಬಹುದು. ವಾದ ಮಾಡಬೇಡಿ, ಅದು ಅವರ ಮನೆ ಅಂಗಳ.

ಬೆಳಗಿನ ಐದು ಗಂಟೆ

ಈಗ ಈ ಲೇಖನ ಬರೆಯೋಕೆ ಕಾರಣವಾದ ವಿಷಯ.

ಬೆಂಗಳೂರಿನ ಸೈಕಲ್ ಗುಂಪುಗಳಲ್ಲಿ ಒಂದು ನಿಯಮ ಇದೆ, ನಂದಿ ಬೆಟ್ಟಕ್ಕೆ ಹೋಗೋರೆಲ್ಲ ಪಾಲಿಸ್ತಾರೆ: ಬೆಳಿಗ್ಗೆ ಐದಕ್ಕೆ ಹೊರಡು, ಟ್ರಾಫಿಕ್ ಏಳೋ ಮುಂಚೆ ಹತ್ತಿ ಮುಗಿಸು. ಅಲ್ಲಿಗೆ ಅದು ಸರಿ. ನಮ್ಮ ಜೂನಿಯರ್‌ಗಳು ಅದನ್ನೇ ಯೂಟ್ಯೂಬಿನಲ್ಲಿ ನೋಡಿ, ಸಕಲೇಶಪುರದ ರೂಮಿನಿಂದ ನಸುಕಿನಲ್ಲಿ ಹೆತ್ತೂರಿನ ಕಡೆಗೆ ಹೊರಡೋ ಪ್ಲ್ಯಾನ್ ಮಾಡ್ತಾರೆ. ರಸ್ತೆ ಆಗ ನಿಜಕ್ಕೂ ಖಾಲಿ ಇರುತ್ತೆ, ಮಂಜು, ಕಾಫಿ ಗಿಡ, ಒಂದು ನರಪಿಳ್ಳೆ ಇರಲ್ಲ. ಯಾಕೆ ಖಾಲಿ? ಊರಿನವರು ಇನ್ನೂ ಮಲಗಿರೋದರಿಂದ ಅಲ್ಲ. ಅವರು ಐದಕ್ಕೇ ಎದ್ದಿರ್ತಾರೆ. ಬೆಳಕು ಹರಿಯೋ ತನಕ ಹೊರಗೆ ಕಾಲಿಡೋಕೆ ಆನೆಯ ಭಯ.

ಆಲೂರು, ಸಕಲೇಶಪುರ, ಬೇಲೂರು, ಪಕ್ಕದ ಮೂಡಿಗೆರೆ ಭಾಗಗಳಲ್ಲಿ ಕಾಡಾನೆ ಕಾಡಿನಲ್ಲಿ ಮಾತ್ರ ಇಲ್ಲ. ಕಾಫಿ ತೋಟದಲ್ಲಿ ನೆರಳಿದೆ, ಕೆರೆಯಲ್ಲಿ ನೀರಿದೆ, ಹಲಸು, ಬಾಳೆ, ಬೈನೆ ಇದೆ, ತಗ್ಗಿನಲ್ಲಿ ಭತ್ತದ ಗದ್ದೆ ಇದೆ. ಹಗಲೆಲ್ಲ ತೋಟದ ಒಳಗೆ ನಿಂತಿದ್ದು, ಸಂಜೆಯಿಂದ ಬೆಳಗಿನ ತನಕ ಒಂದು ತೋಟದಿಂದ ಇನ್ನೊಂದಕ್ಕೆ ಓಡಾಡ್ತವೆ. ಹೋಗೋಕೆ ಸುಲಭದ ದಾರಿ ಯಾವುದು? ನಮ್ಮದೇ ರಸ್ತೆ. 2014ರಲ್ಲಿ ಆಲೂರು ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನ ಹಿಡಿದು ಸಾಗಿಸಿದ್ರು. ಸಮಸ್ಯೆ ಹೋಗಲಿಲ್ಲ. 2023ರ ಡಿಸೆಂಬರ್ 4ರಂದು, ಎಂಟು ಸಲ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಸತ್ತದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ. ಅವತ್ತು ಇಡೀ ರಾಜ್ಯ ಅತ್ತಿತು. ಅದಕ್ಕೂ ಮುಂಚೆ, ಆಮೇಲೂ, ಕೆಲಸಕ್ಕೆ ನಡ್ಕೊಂಡು ಹೋಗ್ತಿದ್ದ ತೋಟದ ಕಾರ್ಮಿಕರು ಹಲವರು ಆನೆ ಕಾಲಿಗೆ ಸಿಕ್ಕಿ ಸತ್ತಿದ್ದಾರೆ. ಅವರ ಹೆಸರು ಜಿಲ್ಲಾ ಪುಟದಲ್ಲಿ ಒಂದು ದಿನ ಬಂದು ಹೋಗುತ್ತೆ.

ಸೈಕಲ್ಲಿನವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ, ಅದು ನಾವು ಹೆಮ್ಮೆ ಪಡೋ ಗುಣದಿಂದಲೇ ಬಂದದ್ದು. ಸೈಕಲ್ ಸದ್ದು ಮಾಡಲ್ಲ. ಬೈಕು, ಜೀಪು ಬರೋದು ಆನೆಗೆ ದೂರದಿಂದಲೇ ಕೇಳಿಸುತ್ತೆ, ಅದು ಸರಿಯೋಕೆ ಸಮಯ ಸಿಗುತ್ತೆ. ನಾವು ತಿರುವಿನಲ್ಲಿ ತಟ್ಟನೆ ಪ್ರತ್ಯಕ್ಷ ಆಗ್ತೀವಿ. ಬೆಚ್ಚಿಬಿದ್ದ ಆನೆಗಿಂತ ಅಪಾಯದ್ದು ಇನ್ನೊಂದಿಲ್ಲ. ಓಡಿಹೋಗ್ತೀವಿ ಅಂದ್ಕೊಳ್ಳಬೇಡಿ. ಥಾಯ್ಲೆಂಡಿನ ಆನೆಗಳನ್ನ ಅಳೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆನೆಯ ವೇಗ ಗಂಟೆಗೆ 25 ಕಿ.ಮೀ. ಮುಟ್ಟಿದೆ. ಶೇಕಡಾ 6ರ ಏರಿನಲ್ಲಿ ನಮ್ಮ ವೇಗ ಮೇಲೆ ಲೆಕ್ಕ ಹಾಕಿದ್ವಲ್ಲ, 10.

ಹಾಗಂತ ಆ ಕಡೆ ಹೋಗಲೇಬಾರದು ಅಂತಲ್ಲ. ಅಲ್ಲಿನ ಜನ ಹೇಗೆ ಓಡಾಡ್ತಾರೋ ಹಾಗೆ ಓಡಾಡಬೇಕು, ಅಷ್ಟೆ. ಹೋದ ಜನವರಿಯಲ್ಲಿ ಹೆತ್ತೂರಿನ ಈಚೆಗೆ ಒಂದು ಟೀ ಅಂಗಡಿಯಲ್ಲಿ ನಿಂತು, ಮುಂದೆ ಹೋಗಬಹುದಾ ಅಣ್ಣಾ ಅಂತ ಕೇಳಿದ್ವಿ. ಅಂಗಡಿಯವರು ಪಾತ್ರೆ ತೊಳೀತಾ, "ಏನವಸರ? ಕೂತ್ಕಳಿ. ಆಕಡೆಯಿಂದ ಬಸ್ಸು ಬರ್ಲಿ. ಡ್ರೈವರ್‌ನ ಕೇಳಿ, ಏನೂ ಇಲ್ಲ ಅಂದ್ರೆ ಹೋಗಿ" ಅಂದ್ರು. ಮುಕ್ಕಾಲು ಗಂಟೆ ಕಾದ್ವಿ. ಬಸ್ ಬಂತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಕೆರೆ ಏರಿ ಹತ್ರ ಲದ್ದಿ ಬಿದ್ದೈತೆ, ಹಸೀದು. ಇನ್ನೊಂದ್ ಗಂಟೆ ಬಿಟ್ಟು ಹೋಗ್ರಪ್ಪಾ" ಅಂದ್ರು. ಇನ್ನೊಂದು ಗಂಟೆಯಲ್ಲಿ ಅಕ್ಕಿ ರೊಟ್ಟಿ, ಎರಡೆರಡು ಸಲ ಟೀ, ಮತ್ತೆ ಆ ಅಂಗಡಿಯವರ ಮಗಳು ಯಾವ ಬ್ರಾಂಚ್ ತಗೊಳ್ಳಬೇಕು ಅನ್ನೋ ಬಗ್ಗೆ ನಮ್ಮ ಐದು ಜನದ ಐದು ಅಭಿಪ್ರಾಯ. ಒಂಬತ್ತೂವರೆಗೆ ಹೊರಟಾಗ ಬಿಸಿಲು ಚೆನ್ನಾಗಿ ಬಂದಿತ್ತು, ಎದುರಿಗೆ ಎರಡು ಪಿಕಪ್ ಬಂದಿದ್ವು. ಲದ್ದಿ ಆಗಲೇ ತಣ್ಣಗಾಗಿತ್ತು.

ಈಗ ನಮಗೆ ಅದೇ ಪದ್ಧತಿ. ಎಂಟು ಗಂಟೆಗೆ ಮುಂಚೆ ಹೈವೇ ಬಿಟ್ಟು ಒಳಗೆ ಹೋಗಲ್ಲ, ಮೊದಲ ಬಸ್ಸು ಅಥವಾ ಆಳುಗಳ ಪಿಕಪ್ ಹೋದ ಮೇಲೇ ಹೊರಡೋದು. ಸಂಜೆ ಐದಕ್ಕೆ ದೊಡ್ಡ ರಸ್ತೆಗೋ ಊರಿಗೋ ಸೇರಿರಬೇಕು. ಆನೆ ಎಲ್ಲಿದೆ ಅಂತ ಆ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಹರಿದಾಡ್ತಾ ಇರುತ್ತೆ, ಅಂಗಡಿಯವರಿಗೆ, ರೈಟರಿಗೆ ಗೊತ್ತಿರುತ್ತೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಕೇಳಿದ್ರೂ ಹೇಳ್ತಾರೆ. ರಸ್ತೆ ಬದಿ ಬೈನೆ ಮರ ಸೀಳಿ ಬಿದ್ದಿದ್ರೆ, ಬೇಲಿ ಮಲಗಿದ್ರೆ, ಲದ್ದಿ ಹೊಗೆಯಾಡ್ತಿದ್ರೆ ಅಲ್ಲಿಂದ ವಾಪಸ್. ಎಷ್ಟು ಕಿಲೋಮೀಟರ್ ಬಾಕಿ ಇದೆ ಅನ್ನೋದು ಆಗ ಪ್ರಶ್ನೆ ಅಲ್ಲ. ಕಾಣದ ತಿರುವಿನಲ್ಲಿ ಮಾತಾಡ್ತಾ ಹೋಗಿ, ಬೆಲ್ ಹೊಡೀರಿ. ಮೊದಲು ಬಸ್ಸಿಗೆ ಅಂದ್ವಿ, ಇದು ಆನೆಗೂ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬರೋರನ್ನ ನಾವು ಗುಂಪಿಗೆ ಸೇರಿಸಿಕೊಳ್ಳಲ್ಲ. ಕಾಡಿನ ರಸ್ತೆಗೆ ಹೋಗೋದೇ ಕಿವಿ ತೆರೆಯೋಕೆ, ಅಲ್ಲೂ ಅದನ್ನ ಮುಚ್ಚೋದಾದ್ರೆ ಹಾಸ್ಟೆಲಿನ ಟೆರೇಸೇ ಸಾಕು.

ಹತ್ತು ಗಂಟೆಯ ರಸ್ತೆ ಐದು ಗಂಟೆಯದ್ದಕ್ಕಿಂತ ಸ್ವಲ್ಪ ಜಾಸ್ತಿ ತುಂಬಿರುತ್ತೆ, ನಿಜ. ಗಂಟೆಗೆ ಹತ್ತು ಗಾಡಿ ಬರಬಹುದು. ಆ ಹತ್ತು ಗಾಡಿ ಬರ್ತಿವೆ ಅನ್ನೋದೇ ನಮಗೆ ಅಲ್ಲಿ ಧೈರ್ಯ.

ಬಿಸ್ಲೆಗೆ ಹೋಗೋರಿಗೆ

ಹಾಸನದಿಂದ ಸಕಲೇಶಪುರ ಸುಮಾರು 40 ಕಿ.ಮೀ. ಅದನ್ನ ಹೈವೇ ಮೇಲೆ ಸೈಕಲ್ ಹೊಡೆಯೋದಕ್ಕಿಂತ ಹಿಂದಿನ ಸಂಜೆ ಐದು ಸೈಕಲ್ಲೂ ಒಂದು ಪಿಕಪ್ಪಿಗೆ ಹಾಕಿ ಹಂಚಿಕೊಂಡ್ರೆ ತಲೆಗೆ ಸಿನಿಮಾ ಟಿಕೆಟಿನಷ್ಟು ಬೀಳುತ್ತೆ. ಸಕಲೇಶಪುರದಿಂದ ಬಿಸ್ಲೆ ಹತ್ತಿರ ಹತ್ತಿರ 50 ಕಿ.ಮೀ., ಅಲ್ಲಿಂದ ಕೆಳಗೆ ಸುಬ್ರಹ್ಮಣ್ಯಕ್ಕೆ ಇನ್ನೊಂದು 25. ಸಮಯ ಡಿಸೆಂಬರ್‌ನಿಂದ ಮಾರ್ಚ್. ಮಾರ್ಚಿನಲ್ಲಿ ಮೊದಲ ಮಳೆ ಬಿದ್ದು ವಾರ ಕಳೆದ ಮೇಲೆ ಹೋದ್ರೆ ಕಾಫಿ ಹೂವಿನ ಘಮ ಸಿಗಬಹುದು, ಇಂಟರ್ನಲ್ಸ್ ಡೇಟ್ ಯಾವಾಗಲೂ ಅದೇ ವಾರ ಬೀಳುತ್ತೆ ಅನ್ನೋದು ಬೇರೆ ವಿಷಯ. ಹೆತ್ತೂರು ದಾಟಿದ ಮೇಲೆ ಊಟದ ಹೋಟೆಲ್ ಮೇಲೆ ಭರವಸೆ ಇಡಬೇಡಿ, ಫೋನ್ ನೆಟ್‌ವರ್ಕ್ ಮೇಲಂತೂ ಇಡಲೇಬೇಡಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಎರಡು ಟ್ಯೂಬು, ಪಂಕ್ಚರ್ ಕಿಟ್ಟು, ಒಂದು ಪಂಪು ಗುಂಪಿನಲ್ಲಿ ಇರ್ಲಿ. ಬಿಸ್ಲೆಯ ವ್ಯೂ ಪಾಯಿಂಟಿನಿಂದ ಎದುರಿಗೆ ಕಾಣೋದು ಪುಷ್ಪಗಿರಿ ಸಾಲು, 1,712 ಮೀಟರ್. ಮಧ್ಯಾಹ್ನ ಎರಡು ಗಂಟೆಯೊಳಗೆ ಬಿಸ್ಲೆ ತಲುಪದಿದ್ರೆ ಘಟ್ಟ ಇಳಿಯೋ ಆಸೆ ಬಿಟ್ಟು, ಸಿಕ್ಕ ಪಿಕಪ್ಪಿಗೆ ಸೈಕಲ್ ಹಾಕಿ ವಾಪಸ್ ಬನ್ನಿ.

ಕೆಳಗೆ ಇಳಿದವರು ಮತ್ತೆ ಹತ್ತಬೇಕಾಗಿಲ್ಲ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರೋದು ದೇವಸ್ಥಾನದ ಊರಿನಿಂದ ಸುಮಾರು 12 ಕಿ.ಮೀ. ದೂರದ ನೆಟ್ಟಣದಲ್ಲಿ. ರಾತ್ರಿ ಸುಬ್ರಹ್ಮಣ್ಯದಲ್ಲಿ ಉಳಿದು, ಬೆಳಿಗ್ಗೆ ಬೆಳಕಿನಲ್ಲಿ ಅಲ್ಲಿಗೆ ಹೋಗಿ. ನೀವು ಹತ್ತೋ ಟ್ರೈನಿನ ಬ್ರೇಕ್ ವ್ಯಾನಿಗೆ ಅಲ್ಲಿಂದ ಸೈಕಲ್ ಹಾಕೋಕೆ ಆಗುತ್ತಾ ಅಂತ ಹೊರಡೋ ಮುಂಚೆಯೇ ಸ್ಟೇಷನ್ನಿನಲ್ಲಿ ವಿಚಾರಿಸಿ, ಎಲ್ಲಾ ಟ್ರೈನಿಗೂ ಆಗಲ್ಲ. ಪೆಡಲ್ ಮೇಲೆ, ಹ್ಯಾಂಡಲ್ ಮೇಲೆ ಹಳೇ ನ್ಯೂಸ್‌ಪೇಪರ್ ಸುತ್ತಿ, ಫ್ರೇಮಿಗೆ ನಿಮ್ಮ ಹೆಸರು, ನಂಬರ್ ಬರೆದು ಕಟ್ಟಿ. ಲಗೇಜ್ ರಸೀದಿ ಒದ್ದೆ ಆಗದ ಕಡೆ ಇಟ್ಕೊಳ್ಳಿ, ಹಾಸನದಲ್ಲಿ ಸೈಕಲ್ ಬಿಡಿಸ್ಕೊಳ್ಳೋವಾಗ ಅದನ್ನೇ ಕೇಳೋದು.